ಅಕ್ಕನ ಕಂಪ್ಯೂಟರು ಮೂಕವಾದ ದಿನ

ಹೊಸದು ಎಂದ ಕೂಡಲೇ ಒಳ್ಳೆಯದು ಎಂದು ನಂಬಿಬಿಡುವವರನ್ನು ಕಂಡರೆ ಅಕ್ಕನಿಗೆ ಮೈ ಉರಿಯುತ್ತದೆ. ಹೊಸ ಚಪ್ಪಲಿ ಕಾಲು ಕಚ್ಚುತ್ತದೆ, ಹೊಸ ಬೀಗ ಕೈಗೆ ಒಗ್ಗುವುದಿಲ್ಲ, ಹೊಸದಾಗಿ ಬಂದ ಪಕ್ಕದ ಮನೆಯವರು ಮೆಟ್ಟಿಲ ಮೇಲೆ ಬಕೆಟ್ಟು ಇಟ್ಟು ಹೋಗುತ್ತಾರೆ. ಕಣ್ಣಿರುವವರು ಆ ಬಕೆಟ್ಟನ್ನು ತಪ್ಪಿಸಿಕೊಂಡು ಇಳಿಯುತ್ತಾರೆ. ಅಕ್ಕ ಅದನ್ನು ಒದ್ದುಕೊಂಡು ಇಳಿಯುತ್ತಾಳೆ. ಎಡವಿ ಅಲ್ಲ, ಬೇಕೆಂದೇ, ನಾಲ್ಕು ಮನೆಗೆ ಕೇಳುವಷ್ಟು ಸದ್ದಾಗಲಿ ಎಂದು.

ಕಟ್ಟಡದವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ. ಅವಳಿಗಿಂತ ಹಿರಿಯರೂ ಹಾಗೆ ಕರೆಯುವುದು ಪ್ರೀತಿಯಿಂದಲೋ ಹೆದರಿಕೆಯಿಂದಲೋ ಎಂದು ಯಾರೂ ಯೋಚಿಸಿದಂತಿಲ್ಲ. ಹದಿಹರೆಯದಲ್ಲಿ ಅಂಚಿನಿಂದ ಮಸುಕಾಗಲು ಶುರುವಾದ ಅವಳ ದೃಷ್ಟಿ ಮಧ್ಯವಯಸ್ಸಿಗೆ ಮುಂಚೆಯೇ ಪೂರ್ತಿ ಹೋಗಿತ್ತು. ಅದು ಹೋಗುವ ಮೊದಲೇ, ಹಗಲೆಲ್ಲ ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯಲ್ಲಿ ಗುಂಡಿಗಳನ್ನು ಡಬ್ಬಿಗೆ ತುಂಬಿ, ಸಂಜೆಯ ತರಗತಿಗೆ ಹೋಗಿ ಬೆರಳಚ್ಚು ಕಲಿತಳು. ಆ ತರಗತಿಯಲ್ಲಿ ಕೀಲಿಗಳನ್ನು ನೋಡಿಕೊಂಡು ಹೊಡೆಯುವವರ ಕೈಮೇಲೆ ಮೇಷ್ಟ್ರು ಬಟ್ಟೆ ಮುಚ್ಚುತ್ತಿದ್ದರು. ಅಕ್ಕನ ಕೈಮೇಲೆ ಬಟ್ಟೆ ಮುಚ್ಚುವ ಅಗತ್ಯ ಅವರಿಗೆ ಬೀಳಲಿಲ್ಲ.

ಈಗ ಅವಳ ಜೀವನ ಆ ಬೆರಳುಗಳಿಂದಲೇ ನಡೆಯುತ್ತಿದೆ. ಕಾರ್ಮಿಕರ ವ್ಯಾಜ್ಯ ವಿಚಾರಿಸುವ ಮಂಡಳಿಯೊಂದು ತನ್ನ ಕಲಾಪಗಳನ್ನು ಧ್ವನಿಮುದ್ರಿಸಿ ಮನೆಗೆ ಕಳಿಸುತ್ತದೆ. ಅಕ್ಕ ಕೇಳಿ, ಅಕ್ಷರಕ್ಕೆ ಇಳಿಸಿ, ಹಿಂದಕ್ಕೆ ಕಳಿಸುತ್ತಾಳೆ. ವಕೀಲರು ಕೆಮ್ಮಿದರೆ ಬಿಡಬೇಕು, ಸಾಕ್ಷಿ ಅತ್ತರೆ ‘ಅಳು’ ಎಂದು ಬರೆಯಬೇಕು, ಮೂವರು ಒಟ್ಟಿಗೆ ಬಾಯಿ ಹಾಕಿದರೆ ಮೂವರನ್ನೂ ಬಿಡಿಸಿ ಕೂರಿಸಬೇಕು. ಅವಳ ಎಡಗಿವಿಗೆ ಕಂಪ್ಯೂಟರಿನ ಮಾತು ಬರುತ್ತದೆ, ಅಂದರೆ ಪರದೆಯ ಮೇಲೆ ಏನಿದೆ ಎಂದು ಓದಿ ಹೇಳುವ ತಂತ್ರಾಂಶದ ಒಣ ಧ್ವನಿ. ಬಲಗಿವಿಗೆ ಕಲಾಪದ ಧ್ವನಿ. ಕಾಲಿನ ಕೆಳಗೆ ಹಳೆಯ ಹೊಲಿಗೆ ಯಂತ್ರದಲ್ಲಿದ್ದಂಥ ಪೆಡಲು: ಒತ್ತಿದರೆ ಸಾಕ್ಷಿ ಮಾತಾಡುತ್ತಾನೆ, ಬಿಟ್ಟರೆ ಬಾಯಿ ಮುಚ್ಚುತ್ತಾನೆ. ಜನರನ್ನು ಕಾಲಿನಿಂದ ಸುಮ್ಮನಾಗಿಸುವ ಈ ಸೌಕರ್ಯ ಮನೆಯ ಹೊರಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳು ಆಗಾಗ ಹೇಳುವುದುಂಟು.

ಈ ಏರ್ಪಾಡೆಲ್ಲ ನಿಂತಿರುವುದು ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ. ಬೇರೆಯವರ ಕಂಪ್ಯೂಟರಿನಲ್ಲಿ ಓದಿ ಹೇಳುವ ತಂತ್ರಾಂಶಕ್ಕೆ ಅಕ್ಕನ ಕೈಗೆಟುಕದ ಬೆಲೆಯಿದ್ದ ಕಾಲದಲ್ಲಿ, ಇದರಲ್ಲಿ ಅದು ಪುಕ್ಕಟೆಯಾಗಿ ಬರುತ್ತದೆಂದು ಪತ್ತೆ ಮಾಡಿ, ಒಂದು ಹಳೆಯ ಯಂತ್ರಕ್ಕೆ ಅದನ್ನು ತುಂಬಿ ತಂದುಕೊಟ್ಟವನು ಅವಳ ತಮ್ಮ. ಆ ಉಪಕಾರವನ್ನು ಅಕ್ಕ ಎಂದೂ ಅಲ್ಲಗಳೆದಿಲ್ಲ. ಅವಳು ಅದನ್ನು ಮರೆಯಲು ತಮ್ಮ ಎಂದೂ ಬಿಟ್ಟಿಲ್ಲ.

ತಮ್ಮ ಲಿಫ್ಟ್ ರಿಪೇರಿಯವನು. ಎತ್ತರದ ಕಟ್ಟಡಗಳ ನೆತ್ತಿಯಲ್ಲಿರುವ ಯಂತ್ರದ ಕೋಣೆಗಳಲ್ಲಿ ಅವನ ದಿನ ಕಳೆಯುತ್ತದೆ. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಗುಂಡಿಯೊಂದಕ್ಕೆ ಕೈ ಹಾಕುವ ಮುಂಚೆ ವಿದ್ಯುತ್ತು ಕಡಿದು, ಸ್ವಿಚ್ಚಿಗೆ ಬೀಗ ಜಡಿದು, ‘ಕೆಲಸ ನಡೆಯುತ್ತಿದೆ, ಮುಟ್ಟಬಾರದು’ ಎಂಬ ಕೆಂಪು ತಗಡು ನೇತುಹಾಕದೆ ಅವನು ಉಸಿರೂ ಬಿಡುವುದಿಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂತನೆಂದರೆ ಅವನೇ ಬೇರೆ. ವಾರಕ್ಕೊಂದು ಬಗೆಯ ಲಿನಕ್ಸನ್ನು ಹಾಕಿಕೊಳ್ಳುತ್ತಾನೆ, ತೆಗೆಯುತ್ತಾನೆ, ಇನ್ನೊಂದನ್ನು ಹಾಕುತ್ತಾನೆ. ಇಷ್ಟು ವರ್ಷಗಳಲ್ಲಿ ಅವನು ಆ ಕಂಪ್ಯೂಟರಿನಿಂದ ಮಾಡಿದ ಕೆಲಸ ಯಾವುದು ಎಂದು ಕೇಳಿದರೆ, ಆ ಕಂಪ್ಯೂಟರನ್ನು ಸರಿಮಾಡಿದ್ದು ಎಂದೇ ಹೇಳಬೇಕು.

ಅವನದೊಂದು ಬಳಗವೂ ಇದೆ. ಸೈಕಲ್ ಅಂಗಡಿಯೊಂದರ ಮಹಡಿಯಲ್ಲಿ ಲಿನಕ್ಸ್ ಅಭಿಮಾನಿಗಳು ಸೇರುತ್ತಾರೆ. ಅಕ್ಕನನ್ನು ಒಮ್ಮೆ ಅವನು ಅಲ್ಲಿಗೆ ಕರೆದುಕೊಂಡು ಹೋಗಿ, “ಇವಳು ನಮ್ಮೆಲ್ಲರಿಗಿಂತ ಹಳಬಳು, ದಿನಾ ಇದರಲ್ಲೇ ಕೆಲಸ ಮಾಡ್ತಾಳೆ” ಎಂದು ಮೆರೆಸಿದ. ಕೂಡಲೇ ಒಬ್ಬ ಮಹಾಶಯ, “ಮೇಡಂ, ನೀವು ಡೆಸ್ಕ್‌ಟಾಪಿಗೆ ಯಾವ ಬಣ್ಣ ಇಟ್ಕೊಂಡಿದೀರಿ? ಕಪ್ಪೋ ಬಿಳಿಯೋ?” ಎಂದು ಕೇಳಿದ.

“ಕಪ್ಪು,” ಅಂದಳು ಅಕ್ಕ. “ಕಪ್ಪು ಬಿಟ್ಟು ಬೇರೇನೂ ಇಟ್ಕೊಂಡಿಲ್ಲ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಬಣ್ಣದ ಸುದ್ದಿ ಬಿಟ್ಟ. ಅಕ್ಕ ಆ ಮಹಡಿಯ ಸುದ್ದಿಯನ್ನೇ ಬಿಟ್ಟಳು. ಆದರೆ ಆವತ್ತು ಹೊಸದಾಗಿ ಬಂದಿದ್ದ ಹೆಂಗಸೊಬ್ಬಳು ಹೊರಡುವಾಗ ಅವಳ ತೋಳು ಹಿಡಿದು, “ಅಕ್ಕ, ಶುರು ಮಾಡೋರಿಗೆ ಒಂದು ಬುದ್ಧಿಮಾತು ಹೇಳಿ” ಎಂದಾಗ ಮಾತ್ರ ಅವಳು ನಿಂತು ಹೇಳಿದ್ದಳು:

“ಯಂತ್ರ ಏನಾದ್ರೂ ಕೇಳಿದ್ರೆ ಪೂರ್ತಿ ಓದಿ ಆಮೇಲೆ ಉತ್ತರ ಕೊಡಮ್ಮ. ಅದು ಮಾತಾಡೋದೇ ಕಡಿಮೆ. ಮಾತಾಡಿದಾಗಲಾದ್ರೂ ಕೇಳಿಸ್ಕೋಬೇಕು. ಇನ್ನೊಂದು, ಎಲ್ಲೋ ಕಂಡ ಕಮ್ಯಾಂಡನ್ನ ಅರ್ಥ ಗೊತ್ತಿಲ್ದೆ ಹಾಗೇ ತಂದು ಹಾಕ್ಬೇಡ. ಬೀದೀಲಿ ಬಿದ್ದಿರೋ ಮಾತ್ರೇನ ಎತ್ತಿ ನುಂಗ್ತೀಯಾ?”

ಪಕ್ಕದಲ್ಲಿ ನಿಂತಿದ್ದ ತಮ್ಮ ಹಲ್ಲು ಕಿರಿದ. ಆ ಮಾತು ತನಗೂ ಸೇರಿದ್ದು ಎಂದು ಅವನಿಗೆ ಅನ್ನಿಸಲಿಲ್ಲ. ಅನ್ನಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಅಕ್ಕನ ಯಂತ್ರಕ್ಕೆ ಅವನ ಬಳಿಯೂ ಒಂದು ಕೀಲಿಯಿತ್ತು. ಕೀಲಿ ಎಂದರೆ ಪಾಸ್‌ವರ್ಡು. ಅಕ್ಕನಂತೆ ಅವನೂ ಆ ಯಂತ್ರದ ಯಜಮಾನನೇ. ತನ್ನ ಫೋನಿನಿಂದ, ಊರಿನ ಯಾವ ಮೂಲೆಯಿಂದ ಬೇಕಾದರೂ ಒಳಹೊಕ್ಕು ಏನು ಬೇಕಾದರೂ ಮಾಡಬಹುದಿತ್ತು. ಆ ಕೀಲಿಯನ್ನು ವಾಪಸು ಕೇಳಬೇಕೆಂದು ಅಕ್ಕನಿಗೆ ಹಲವು ಸಲ ಅನ್ನಿಸಿತ್ತು. ಕೇಳಿದರೆ ಅವನ ಮೋರೆ ಸಪ್ಪಗಾಗುವುದು ತನಗೆ ಕಾಣದಿದ್ದರೂ ಕೇಳಿಸುತ್ತದಲ್ಲ ಎಂದು ಸುಮ್ಮನಾಗಿದ್ದಳು. ಅಷ್ಟೊಂದು ಬಿಗಿಯಾದ ಹೆಂಗಸಿನಲ್ಲಿ ಈ ಒಂದು ಎಳೆ ಸಡಿಲವಾಗಿ ಉಳಿದಿತ್ತು.

ಹೀಗಿರುವಾಗ ಮಂಡಳಿಯ ಕಚೇರಿಗೆ ಹೊಸ ಮೇಲ್ವಿಚಾರಕಿಯೊಬ್ಬಳು ಬಂದಳು. ಮನೆಯಿಂದ ಕೆಲಸ ಮಾಡುವವರೆಲ್ಲ ಕಚೇರಿ ಕೊಡುವ ಯಂತ್ರವನ್ನೇ, ಕಚೇರಿ ಹೇಳುವ ತಂತ್ರಾಂಶವನ್ನೇ ಬಳಸತಕ್ಕದ್ದು ಎಂದು ಅಪ್ಪಣೆ ಹೊರಡಿಸಿದಳು. ಆ ತಂತ್ರಾಂಶ ಓದಿ ಹೇಳುವ ಧ್ವನಿಯೊಂದಿಗೆ ಹೊಂದಿಕೊಳ್ಳುವುದಿಲ್ಲ. ಅದರ ಮುಂದೆ ಅಕ್ಕ ಕೂತರೂ ಒಂದೇ, ಗೋಡೆಯ ಮುಂದೆ ಕೂತರೂ ಒಂದೇ. ಅಕ್ಕ ಕಚೇರಿಗೆ ಹೋಗಿ, ತನ್ನ ಯಂತ್ರದಲ್ಲೇ ಕೆಲಸ ಮಾಡಲು ಬಿಡಬೇಕೆಂದು ನೇರವಾಗಿ ಕೇಳಿದಳು. ಮೇಲ್ವಿಚಾರಕಿ ಯೋಚಿಸಿ, “ಸರಿ, ನಾನೇ ನಿಮ್ಮ ಮನೆಗೆ ಬಂದು ನೋಡ್ತೀನಿ. ನನ್ನ ಎದುರಿಗೆ ಒಂದು ತುಣುಕು ಬರೆದು ತೋರಿಸಿ. ಚೆನ್ನಾಗಿದ್ರೆ ನಿಮ್ಮನ್ನ ಈ ನಿಯಮದಿಂದ ಬಿಡ್ತೀನಿ. ಇಲ್ದಿದ್ರೆ ನಿಮ್ಮ ಕೆಲಸ ಬೇರೆಯವರಿಗೆ ಹಂಚಬೇಕಾಗುತ್ತೆ” ಅಂದಳು.

ಕಟುವಾದ ಮಾತು; ಆದರೆ ನೇರವಾದ ಮಾತು. ಅಕ್ಕನಿಗೆ ಅದು ಹಿಡಿಸಿತು. ಬರುವ ದಿನ ಗೊತ್ತಾಯಿತು. ಅಕ್ಕ ಆ ದಿನದವರೆಗೆ ಯಂತ್ರದಲ್ಲಿ ಒಂದು ಅಲ್ಪವಿರಾಮವನ್ನೂ ಬದಲಿಸಬಾರದೆಂದು ತೀರ್ಮಾನಿಸಿದಳು. ಕೈಯಲ್ಲಿ ಒಪ್ಪಿಸಬೇಕಾದ ಕೆಲಸವಿದ್ದಾಗ ಅಪ್‌ಡೇಟು ಎಂಬ ಪದವನ್ನೂ ಬಾಯಿಗೆ ತರದಿರುವುದು ಅವಳ ಹಳೆಯ ಕಟ್ಟಳೆ. ತಮ್ಮನಿಗೆ ಸಂಭ್ರಮದಿಂದಲ್ಲ, ಎಚ್ಚರಿಸಲೆಂದೇ ಫೋನು ಮಾಡಿ ವಿಷಯ ತಿಳಿಸಿದಳು.

“ನೀನು ಚಿಂತೆ ಬಿಡಕ್ಕ, ನಾನಿದೀನಲ್ಲ,” ಅಂದ ತಮ್ಮ.

“ನೀನಿದೀಯ ಅಂತಲೇ ಚಿಂತೆ,” ಎಂದು ಅಕ್ಕ ಫೋನು ಇಟ್ಟಳು.

ಗೊತ್ತಾದ ದಿನ ಬೆಳಿಗ್ಗೆ ಮಿಂದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಎದುರಿನ ಕುರ್ಚಿಯ ಧೂಳು ಒರೆಸಿ, ಅಕ್ಕ ಯಂತ್ರದ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಒಳಗಿನ ಸಣ್ಣ ಗೊರಗೊರ ಎಂದಿನಂತೆ ಎದ್ದು ಎಂದಿನಂತೆ ತಗ್ಗಿತು. ಆಮೇಲೆ ಬರಬೇಕಾದ ಧ್ವನಿ ಬರಲಿಲ್ಲ.

ಕಾಯ್ದಳು. ಪಾಸ್‌ವರ್ಡು ಹೊಡೆದು ಎಂಟರ್ ಒತ್ತಿದಳು. ಏನೂ ಇಲ್ಲ. ಇಯರ್‌ಫೋನು ಕೆಟ್ಟಿರಬಹುದೆಂದು ಅದನ್ನು ಕಿತ್ತು ರೇಡಿಯೋಕ್ಕೆ ಸಿಕ್ಕಿಸಿದಳು. ರೇಡಿಯೋದವನು ಹವಾಮಾನ ಹೇಳುತ್ತಿದ್ದ, ಸ್ಪಷ್ಟವಾಗಿ. ಕಿವಿ ಸರಿಯಿದೆ, ಇಯರ್‌ಫೋನು ಸರಿಯಿದೆ. ನೆನ್ನೆ ಮಧ್ಯಾಹ್ನ ಕೆಲಸ ಮುಗಿಸಿ ಏಳುವಾಗ ಯಂತ್ರವೂ ಸರಿಯಿತ್ತು. ಆಗ ಅದನ್ನು ಆರಿಸದೆ ಹಾಗೆಯೇ ಬಿಟ್ಟಿದ್ದಳು. ಈಗ ಗುಂಡಿ ಒತ್ತಬೇಕಾಗಿ ಬಂದದ್ದೇಕೆ? ಯಾರೋ ಅದನ್ನು ಆರಿಸಿದ್ದಾರೆ. ಮನೆಗೆ ಯಾರೂ ಬಂದಿಲ್ಲ.

ಕಣ್ಣಿರುವವನಿಗೆ ಸದ್ದು ಕೆಟ್ಟರೆ ಹಾಡು ಕೇಳುವುದು ತಪ್ಪುತ್ತದೆ. ಅಕ್ಕನಿಗೆ ಸದ್ದು ಕೆಟ್ಟರೆ ಇಡೀ ಯಂತ್ರವೇ ಒಂದು ಬಿಸಿಯಾದ ಡಬ್ಬಿ. ಅವಳು ಫೋನು ಎತ್ತಿಕೊಂಡಳು.

“ನೆನ್ನೆ ನನ್ನ ಕಂಪ್ಯೂಟರಿಗೆ ಏನೋ ಮಾಡ್ದೆ?”

“ನಾನಾ? ಏನೂ ಮಾಡಿಲ್ವಲ್ಲ. ಒಂದು ಚಿಕ್ಕ ಅಪ್‌ಗ್ರೇಡು, ಅಷ್ಟೆ.”

“ಎದ್ದು ಬಾ.”

ಅವನು ಬಂದ. ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದದ್ದರಿಂದ ಏದುಸಿರು ಬಿಡುತ್ತಿದ್ದ. ಮೈಯಿಂದ ಗ್ರೀಸಿನ ವಾಸನೆ. ಹಿಂದಿನ ದಿನ ಯಾವುದೋ ಕಟ್ಟಡದ ನೆತ್ತಿಯಲ್ಲಿ ಬಿಡಿಭಾಗಕ್ಕೆ ಕಾಯುತ್ತ ಕೂತಿದ್ದಾಗ, ಹೊತ್ತು ಹೋಗದೆ, ಫೋನಿನಿಂದಲೇ ಅಕ್ಕನ ಯಂತ್ರದೊಳಗೆ ನುಗ್ಗಿ ಅದನ್ನು ಹೊಸ ಆವೃತ್ತಿಗೆ ಏರಿಸಿದ್ದ. ನಡುವೆ ಯಂತ್ರ ನಿಂತು ಕೇಳಿತ್ತು: ಈ ಕಡತವನ್ನು ಇಲ್ಲಿಯವರು ತಮಗೆ ಬೇಕಾದಂತೆ ತಿದ್ದಿಕೊಂಡಿದ್ದಾರೆ, ಅದನ್ನೇ ಉಳಿಸಲೇ, ಹೊಸದನ್ನು ಹಾಕಲೇ? ತಮ್ಮ ‘ಹೊಸದು’ ಎಂದ. ಇನ್ನೊಂದು ಕಡತಕ್ಕೆ ಹಾಗೆಯೇ ಕೇಳಿತು. ‘ಹೊಸದು.’ ಇನ್ನೊಂದು. ‘ಹೊಸದು.’ ಎಡಗಿವಿ ಯಾವುದು ಬಲಗಿವಿ ಯಾವುದು ಎಂದು ಯಂತ್ರಕ್ಕೆ ಹೇಳುವುದು, ಪೆಡಲಿನ ಗುರುತು ಹಿಡಿಸುವುದು, ಮಾತಿನ ವೇಗ ಹೊಂದಿಸುವುದು, ಹೀಗೆ ಅಕ್ಕ ವರ್ಷಗಟ್ಟಲೆ ಕೂತು ಒಂದೊಂದೇ ಸಾಲಾಗಿ ತಿದ್ದಿಕೊಂಡಿದ್ದನ್ನೆಲ್ಲ ಅವನು ಹೆಬ್ಬೆರಳಿನಲ್ಲಿ ಗುಡಿಸಿಹಾಕಿದ್ದ. ಆಮೇಲೆ ರೀಸ್ಟಾರ್ಟ್ ಮಾಡಲು ಹೋಗಿ ಯಂತ್ರವನ್ನೇ ಆರಿಸಿ, ಸರಿಹೋಯಿತೇ ಇಲ್ಲವೇ ಎಂದು ನೋಡದೆ ಊಟಕ್ಕೆ ಎದ್ದುಹೋಗಿದ್ದ.

“ಯಾಕೋ? ಯಾಕೆ ಮಾಡ್ದೆ? ಇವತ್ತು ಅವರು ಬರ್ತಾರೆ ಅಂತ ಗೊತ್ತಿತ್ತು ತಾನೆ?”

“ಗೊತ್ತಿತ್ತು ಅಂತಲೇ ಮಾಡಿದ್ದು! ನಿಂದು ಎಷ್ಟೋ ಹಳೇ ಆವೃತ್ತಿ ಅಕ್ಕ. ಅವರು ಬಂದು ನೋಡಿದ್ರೆ ಚೆನ್ನಾಗಿ ಕಾಣ್ಬೇಡ್ವಾ?”

“ಯಾರಿಗೆ ಕಾಣ್ಬೇಕೋ? ನನಗಂತೂ ಕಾಣಲ್ಲ!”

ಇಕ್ಕಟ್ಟಿಗೆ ಸಿಕ್ಕಾಗಲೆಲ್ಲ ಮಾಡುವುದನ್ನೇ ತಮ್ಮ ಮಾಡಿದ: ಕೀಬೋರ್ಡು ಎಳೆದುಕೊಂಡ. ಒಂದು ಕೈಯಲ್ಲಿ ಫೋನು ಹಿಡಿದು, ಎಲ್ಲೋ ಯಾರೋ ಯಾರಿಗೋ ಹೇಳಿದ್ದ ಕಮ್ಯಾಂಡುಗಳನ್ನು ನೋಡಿಕೊಂಡು ಕುಟ್ಟತೊಡಗಿದ. ಸದ್ದಿನ ವ್ಯವಸ್ಥೆ ಹೊಸದಾಗಿ ಬಂದಿದೆಯಂತೆ, ಹಳೆಯದರ ತುಂಡುಗಳು ಅಡ್ಡ ನಿಂತಿವೆಯಂತೆ, ಅವನ್ನು ಕಿತ್ತರೆ ಸರಿಹೋಗುತ್ತದಂತೆ. ಕಿತ್ತ. ಸರಿಹೋಗಲಿಲ್ಲ. ಇನ್ನೊಂದನ್ನು ಕಿತ್ತ.

“ಏನನ್ನ ಕೀಳ್ತಿದೀಯ, ಅದಾದ್ರೂ ಗೊತ್ತಾ?”

“ಇವನು ಹೇಳ್ತಿದಾನೆ, ಇದನ್ನ ತೆಗೆದ್ರೆ...”

“ಇವನು ಯಾರು?”

“ಯಾರೋ ಅಕ್ಕ, ಬರೆದಿದಾನೆ.”

“ಅವನ ಮನೆಗೂ ಇವತ್ತು ಮೇಲ್ವಿಚಾರಕಿ ಬರ್ತಾಳಾ?” ಅಕ್ಕನ ದನಿ ಏರಲಿಲ್ಲ. ಏರದ ಆ ದನಿ ಎಷ್ಟು ಅಪಾಯದ್ದೆಂದು ತಮ್ಮನಿಗೆ ಚಿಕ್ಕಂದಿನಿಂದ ಗೊತ್ತು. “ಒಂದು ಹೇಳು. ಲಿಫ್ಟ್ ಒಳಗೆ ಜನ ನಿಂತಿದಾರೆ. ಲಿಫ್ಟ್ ಮೇಲೆ ಹೋಗ್ತಿದೆ. ಆಗ ನೀನು ಹೋಗಿ ಅದರ ಹಗ್ಗ ಬಿಚ್ಚಿ ಹೊಸ ಹಗ್ಗ ಕಟ್ತೀಯಾ?”

“ಛೆ, ಎಲ್ಲಾದ್ರೂ ಉಂಟಾ?”

“ಯಾಕೆ? ಹೊಸ ಹಗ್ಗ ಚೆನ್ನಾಗಿ ಕಾಣುತ್ತಲ್ಲ.”

ಕೀಬೋರ್ಡಿನ ಸದ್ದು ನಿಂತಿತು.

“ಏಳು. ಆ ಕುರ್ಚಿ ಬಿಡು. ಆ ಮೂಲೇಲಿ ಸ್ಟೂಲಿದೆ, ಅಲ್ಲಿ ಕೂತ್ಕೊ. ಕೈ ತೊಡೆ ಮೇಲಿರ್ಲಿ.”

ಅವನು ಎದ್ದ. ಲಿಫ್ಟಿನ ಭಾರ ಹೊರುವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಗಟ್ಟಿ ಹಿಮ್ಮಡಿಯ ಚಪ್ಪಲಿಯ ಟಕಟಕ ಕೇಳಿಸಿತು. ಮೇಲ್ವಿಚಾರಕಿ ಹೇಳಿದ ಹೊತ್ತಿಗೇ ಬಂದಿದ್ದಳು.

ಅಕ್ಕ ಅವಳನ್ನು ಕೂರಿಸಿ, ನೀರು ಕೊಟ್ಟು, ನೆಪ ಹೇಳದೆ ವಿಷಯ ಹೇಳಿದಳು. “ಮೇಡಂ, ನನ್ನ ಕಂಪ್ಯೂಟರು ಈಗ ಮಾತಾಡ್ತಿಲ್ಲ. ಬೇರೆ ದಾರಿ ಇದೆ. ಸ್ವಲ್ಪ ಹೊತ್ತು ಕೊಡಿ.”

“ಬೇಕಾದ್ರೆ ಇನ್ನೊಂದು ದಿನ ಬರ್ತೀನಿ. ಪಾಪ, ನಿಮಗೂ ಕಷ್ಟ...”

“ಪಾಪ ಅನ್ನೋ ಅಂಥದ್ದೇನೂ ಆಗಿಲ್ಲ. ನೀವು ನೀರು ಕುಡೀರಿ.”

ಕಪಾಟಿನಲ್ಲಿ ಒಂದು ತಗಡಿನ ಡಬ್ಬಿಯಿತ್ತು, ಕಾರ್ಖಾನೆಯ ಕಾಲದ ಗುಂಡಿಗಳದ್ದು. ಅಕ್ಕ ಅದರೊಳಗೆ ಕೈಯಾಡಿಸಿ, ದಾರದ ಕುಚ್ಚು ಕಟ್ಟಿದ್ದ ಪೆನ್‌ಡ್ರೈವನ್ನು ಎತ್ತಿಕೊಂಡಳು. ಅದರಲ್ಲಿ ಒಂದಿಡೀ ಲಿನಕ್ಸ್ ಇತ್ತು, ಮಾತಾಡುವಂಥದ್ದು. ಯಂತ್ರದ ಒಳಗೆ ಏನೇ ಹಾಳಾಗಿರಲಿ, ಇದನ್ನು ಸಿಕ್ಕಿಸಿ ಏಳಿಸಿದರೆ ಆ ಹಾಳನ್ನು ಮುಟ್ಟದೆಯೇ ಯಂತ್ರ ನಡೆಯುತ್ತದೆ. ತಿಂಗಳಿಗೊಮ್ಮೆ, ಬೇಕಿಲ್ಲದಿದ್ದರೂ, ಅವಳು ಇದನ್ನು ಸಿಕ್ಕಿಸಿ, ಏಳಿಸಿ, ಮಾತಾಡಿಸಿ, ಮತ್ತೆ ಗುಂಡಿಗಳ ನಡುವೆ ಮಲಗಿಸುತ್ತಿದ್ದಳು. ಬೆಂಕಿ ಆರಿಸುವವರ ಕವಾಯತು ಎಂದು ತಮ್ಮ ಅದನ್ನು ಕಂಡು ನಗುತ್ತಿದ್ದ. ಈಗ ನಗಲಿಲ್ಲ.

ಯಂತ್ರ ಏಳುವ ಮೊದಲ ಗಳಿಗೆಯಲ್ಲಿ, ಯಾವುದರಿಂದ ಏಳಬೇಕೆಂದು ಅದಕ್ಕೆ ಹೇಳುವ ಒಂದು ಪಟ್ಟಿ ಬರುತ್ತದೆ. ಆ ಪಟ್ಟಿಯನ್ನು ಯಾವ ಧ್ವನಿಯೂ ಓದಿ ಹೇಳುವುದಿಲ್ಲ. ಅಲ್ಲಿ ಎಲ್ಲ ಯಂತ್ರಗಳೂ ಅಕ್ಕನಿಗೆ ಮೂಕವೇ. ಆದ್ದರಿಂದ ಅದನ್ನು ಅವಳು ಬೆರಳಿನಲ್ಲಿ ಇಟ್ಟುಕೊಂಡಿದ್ದಳು: ಫ್ಯಾನಿನ ಗಾಳಿ ಬದಲಾಗುವುದಕ್ಕೆ ಮುಂಚೆ ಮೇಲಿನ ಸಾಲಿನ ಕೊನೆಯ ಕೀಲಿ, ಕೆಳಗಿನ ಬಾಣ, ಎಂಟರ್. ಒತ್ತಿದಳು. ಕೋಣೆಯಲ್ಲಿ ಮೂವರ ಉಸಿರು, ಬೀದಿಯಿಂದ ಟೈರಿಗೆ ಗಾಳಿ ತುಂಬುವ ಸದ್ದು. ಆಮೇಲೆ ತಾರಕದಲ್ಲಿ, ತಗಡನ್ನು ಗೀರಿದಂತೆ, ಯಂತ್ರದ ಮಾತು ಹೊರಟಿತು.

“ಅಯ್ಯಯ್ಯೋ, ಇದೇನು ಹೇಳ್ತಿದೆ?” ಮೇಲ್ವಿಚಾರಕಿ ಬೆಚ್ಚಿದಳು.

“ಬಂದೆ ಅಂತಿದೆ,” ಅಂದಳು ಅಕ್ಕ.

ಆದರೆ ಬಂದದ್ದು ಅರ್ಧ ಮಾತ್ರ. ಪೆನ್‌ಡ್ರೈವಿನ ಲಿನಕ್ಸಿಗೆ ಅಕ್ಕನ ಪೆಡಲಿನ ಪರಿಚಯವಿಲ್ಲ. ಎಡಗಿವಿ ಬಲಗಿವಿಯ ಭೇದವೂ ಅದಕ್ಕೆ ತಿಳಿಯದು. ಸಾಕ್ಷಿಯೂ ಯಂತ್ರವೂ ಎರಡೂ ಕಿವಿಗಳಲ್ಲಿ ಒಟ್ಟಿಗೆ ಬಡಬಡಿಸುತ್ತಾರೆ. ಅವನ್ನೆಲ್ಲ ತಿದ್ದಿದ ಕಡತಗಳ ಪ್ರತಿ ಅವಳ ಬ್ಯಾಕಪ್ಪಿನಲ್ಲಿತ್ತು, ನಿಜ. ತಂದು ಕೂರಿಸಲು ಹೊತ್ತು ಬೇಕು. ಮೇಲ್ವಿಚಾರಕಿ ಆಗಲೇ ಒಮ್ಮೆ ಬಳೆ ಸರಿಸಿ ಗಡಿಯಾರ ನೋಡಿದ್ದು ಅಕ್ಕನಿಗೆ ಕೇಳಿಸಿತ್ತು.

ಅವಳು ಒಂದು ನಿರ್ಧಾರ ಮಾಡಿದಳು. ಮೇಲ್ವಿಚಾರಕಿ ತಂದಿದ್ದ ಕಲಾಪದ ತುಣುಕನ್ನು ತೆರೆದು, ಖಾಲಿ ಪುಟವನ್ನು ತೆರೆದು, ಯಂತ್ರದ ಮಾತನ್ನು ತಾನೇ ನಿಲ್ಲಿಸಿಬಿಟ್ಟಳು. ಸಾಕ್ಷಿಯ ಧ್ವನಿಯೊಂದೇ ಉಳಿಯಿತು. ತಾನು ಏನು ಹೊಡೆಯುತ್ತಿದ್ದೇನೆಂದು ಹೇಳುವವರು ಯಾರೂ ಇಲ್ಲ. ಸಂಜೆಯ ತರಗತಿಯಲ್ಲಿ ಕಲಿತ ಬೆರಳುಗಳಷ್ಟೇ ಗತಿ.

ತುಣುಕಿನಲ್ಲಿ ಬಟ್ಟೆ ಒಗೆಯುವ ಕಾರ್ಖಾನೆಯ ಹೆಂಗಸೊಬ್ಬಳು ಹಬೆಯ ಇಸ್ತ್ರಿಯಿಂದ ತೋಳು ಸುಟ್ಟುಕೊಂಡ ಕಥೆ ಹೇಳುತ್ತಿದ್ದಳು. ಮಾಲೀಕರ ವಕೀಲ ಮಾತು ಮಾತಿಗೂ ಅಡ್ಡ ಬರುತ್ತಿದ್ದ. ಪೆಡಲಿದ್ದಿದ್ದರೆ ಅಕ್ಕ ಕಾಲು ಎತ್ತಿ ಅವನ ಬಾಯಿ ಮುಚ್ಚಿಸುತ್ತಿದ್ದಳು. ಈಗ ಬರೆಯುವ ಕೈಯನ್ನೇ ಬಿಡಿಸಿ, ನಿಲ್ಲಿಸುವ ಕೀಲಿಗೆ ಕೊಂಡೊಯ್ದು, ಮತ್ತೆ ಹಿಂದಿರುಗಿಸಬೇಕು. ಅಕ್ಕನ ಹಣೆಯಲ್ಲಿ ಬೆವರು ಒಡೆಯಿತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಮುಗಿದಾಗ ಮೇಲ್ವಿಚಾರಕಿ ಕುರ್ಚಿ ಎಳೆದುಕೊಂಡು ಬಂದು, ತನ್ನ ಬಳಿಯಿದ್ದ ಪ್ರತಿಯೊಂದಿಗೆ ತಾಳೆ ನೋಡುತ್ತ ಪರದೆ ಓದಿದಳು. ತುಂಬ ಹೊತ್ತು ಓದಿದಳು. ಗಂಟಲು ಸರಿಮಾಡಿಕೊಂಡಳು.

“ಅಕ್ಷರ ಒಂದೂ ತಪ್ಪಿಲ್ಲ. ಆದ್ರೆ ಒಂದು ಉತ್ತರ ಬಿಟ್ಟುಹೋಗಿದೆ. ‘ನಿಮಗೆ ಕೈಗವಸು ಕೊಟ್ಟಿದ್ರಾ?’ ಅಂತ ವಕೀಲರು ಕೇಳ್ತಾರೆ. ಅವಳು ‘ಇಲ್ಲ’ ಅಂತಾಳೆ. ಆ ‘ಇಲ್ಲ’ ಇಲ್ಲಿ ಇಲ್ಲ.”

ಅಕ್ಕನ ಮುಖ ಕೆಂಪಾಯಿತು. ಸುಟ್ಟ ತೋಳಿನ ಹೆಂಗಸಿನ ಬಾಯಿಂದ ಅಂಥ ಒಂದು ‘ಇಲ್ಲ’ ಕಳೆದುಹೋದರೆ ಕೈಗವಸಿನ ಪ್ರಶ್ನೆಗೆ ಉತ್ತರವೇ ಇಲ್ಲದಂತಾಗುತ್ತದೆ. ವ್ಯಾಜ್ಯವೇ ಬೇರೆ ಕಡೆಗೆ ಹೊರಳಬಹುದು. ಅದು ತನ್ನ ಕೈಯಿಂದ ಕಳೆದುಹೋಗಿತ್ತು.

“ಮೇಡಂ, ಅದು ಅಕ್ಕನ ತಪ್ಪಲ್ಲ,” ತಮ್ಮ ಸ್ಟೂಲಿನಿಂದ ಎದ್ದ. “ನೆನ್ನೆ ನಾನೇ...”

“ಕೂತ್ಕೊ,” ಅಂದಳು ಅಕ್ಕ. “ಮೇಡಂ, ಯಂತ್ರ ನಂದು. ಅದಕ್ಕೆ ಯಾರನ್ನ ಬಿಟ್ಕೊಂಡೆ, ಯಾರನ್ನ ಬಿಟ್ಕೊಳ್ಳಲಿಲ್ಲ, ಅದೂ ನನ್ನದೇ ಲೆಕ್ಕ. ಹೋದ ‘ಇಲ್ಲ’ ನನ್ನದು.”

ಮೇಲ್ವಿಚಾರಕಿ ಚೀಲ ಎತ್ತಿಕೊಂಡಳು. “ಇವತ್ತಿಗೆ ನಿಮ್ಮನ್ನ ನಿಯಮದಿಂದ ಬಿಡೋಕೆ ಆಗಲ್ಲ. ತೆಗೆದೂ ಹಾಕಲ್ಲ. ಇನ್ನೊಂದ್ಸಲ ಬರ್ತೀನಿ, ಅಲ್ಲೀವರೆಗೆ ಕೆಲಸ ಕಳಿಸ್ತಿರ್ತೀವಿ. ಆಗಲೂ ಹಿಂಗೇ ಆದ್ರೆ ನನ್ನ ಕೈಲಿ ಏನಿಲ್ಲ.” ಬಾಗಿಲಲ್ಲಿ ನಿಂತು, “ಯಂತ್ರದ ವಿಷಯಕ್ಕೆ ಕಚೇರಿಯವರು ಯಾರನ್ನ ಕೇಳ್ಬೇಕು? ಕಣ್ಣು ಕಾಣೋರು ಯಾರಾದ್ರೂ ಜವಾಬ್ದಾರಿ ತಗೊಂಡ್ರೆ ನಮಗೂ ಧೈರ್ಯ. ಇವರನ್ನ ಅಂದ್ಕೊಳ್ಳಲಾ?”

ತಮ್ಮ ಅಭ್ಯಾಸಬಲದಿಂದ ಬಾಯಿ ತೆರೆದ.

“ಕಣ್ಣು ಕಾಣೋರೇ ಇದನ್ನ ಈ ಗತಿಗೆ ತಂದದ್ದು ಮೇಡಂ,” ಅಂದಳು ಅಕ್ಕ. “ನನ್ನನ್ನೇ ಕೇಳಿ.”

ಟಕಟಕ ಮೆಟ್ಟಿಲಿಳಿದು ಬೀದಿಗೆ ಸೇರಿತು. ಅಕ್ಕ ಯಂತ್ರದ ಮುಂದೆ ಕೂತಳು. ಅವಳ ಕೆಲಸದ ಕಡತಗಳೆಲ್ಲ ಡಿಸ್ಕಿನಲ್ಲಿ ಬೇರೆಯೇ ಭಾಗದಲ್ಲಿದ್ದವು. ತಮ್ಮ ಬುಡಮೇಲು ಮಾಡಿದ್ದು ವ್ಯವಸ್ಥೆಯ ಭಾಗವನ್ನು ಮಾತ್ರ. ಆ ಭಾಗವನ್ನು ಒರೆಸಿ, ಮೊದಲಿನ ಆವೃತ್ತಿಯನ್ನೇ ಹಾಕಿ, ತಿದ್ದಿದ ಕಡತಗಳನ್ನು ಬ್ಯಾಕಪ್ಪಿನಿಂದ ತಂದಳು. ಅದೇ ಬ್ಯಾಕಪ್ಪಿನಿಂದ ಹಿಂದೆಯೂ ಹಲವು ಸಲ ಸುಮ್ಮಸುಮ್ಮನೆ ತಂದು ನೋಡಿದ್ದಳು. ತಂದು ನೋಡದ ಬ್ಯಾಕಪ್ಪು ಎಂದರೆ ಬಾಯಿಮಾತಿನ ಸಾಲದಂತೆ. ಕೇಳಿದ ದಿನ ಗೊತ್ತಾಗುತ್ತದೆ ಕೊಡುತ್ತಾರೋ ಇಲ್ಲವೋ. ಸಂಜೆಯ ಹೊತ್ತಿಗೆ ಎಡಗಿವಿಗೆ ಯಂತ್ರ ಬಂತು, ಬಲಗಿವಿಗೆ ವಕೀಲ ಬಂದ, ಕಾಲೆತ್ತಿದರೆ ಬಾಯಿ ಮುಚ್ಚಿದ.

ತಮ್ಮ ಇನ್ನೂ ಸ್ಟೂಲಿನ ಮೇಲೆಯೇ ಇದ್ದ.

“ಹತ್ತಿರ ಬಾ. ಇದನ್ನ ಓದು. ನನಗೆ ಕೇಳ್ತಿದೆ, ನೀನೂ ನೋಡಿರು.”

ಪರದೆಯ ಮೇಲೆ ಅವನ ಹೆಸರಿತ್ತು, ಯಂತ್ರದ ಯಜಮಾನರ ಗುಂಪಿನಲ್ಲಿ. ಅಕ್ಕ ಒಂದು ಸಾಲು ಹೊಡೆದಳು. ಹೆಸರು ಹೋಯಿತು. ಹೊರಗಿನಿಂದ ಒಳಬರುವ ಬಾಗಿಲಿಗೂ ಒಂದು ಸಾಲು ಹೊಡೆದಳು. ಬಾಗಿಲು ಮುಚ್ಚಿತು.

“ಅಕ್ಕ,” ತಮ್ಮನ ದನಿ ಸಣ್ಣಗಾಗಿತ್ತು. ಅವಳು ಇಷ್ಟು ವರ್ಷ ಕೇಳಬಾರದೆಂದು ತಪ್ಪಿಸಿಕೊಂಡಿದ್ದ ದನಿ ಅದೇ. “ನಾಳೆ ನಿನಗೇನಾದ್ರೂ ಆದ್ರೆ?”

“ನನಗೇನಾದ್ರೂ ಆದ್ರೆ ಡಾಕ್ಟರನ್ನ ಕರಿ. ಕಂಪ್ಯೂಟರಿಗೆ ಏನೂ ಆಗಿರಲ್ಲ.”

“ಬೇಜಾರಾಯ್ತು ನನಗೆ.”

“ಆಗ್ಲಿ. ನಿನಗೆ ಅಂತ ಅತಿಥಿ ಖಾತೆ ಒಂದು ಇಟ್ಟಿದೀನಿ. ಇಸ್ಪೀಟಾಟ ಇದೆ. ಆಡ್ಕೋ. ಇನ್ನೊಂದ್ಸಲ ಬರುವಾಗ ನಿನ್ನ ಕೆಂಪು ತಗಡು ಒಂದು ತಂದುಕೊಡು.”

ತಂದುಕೊಟ್ಟ. ಅಕ್ಕ ಅದರ ಅಂಚು ತಡವಿ ನೋಡಿ, ಯಂತ್ರದ ಹಣೆಗೆ ನೇರವಾಗಿ, ಅವನ ಕೈಯಿಂದಲೇ ನೇತುಹಾಕಿಸಿದಳು.

ಮೇಲ್ವಿಚಾರಕಿ ಎರಡನೆಯ ಸಲ ಬಂದಾಗ ಯಂತ್ರ ಅದೇ ಹಳೆಯ ಆವೃತ್ತಿಯಲ್ಲಿತ್ತು. ತಮ್ಮ ರಜೆ ಹಾಕಿ ಬಂದು, ಯಾರೂ ಹೇಳದೆಯೇ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದ. ತುಣುಕಿನಲ್ಲಿ ಈ ಸಲ ನಾಲ್ವರು ಒಟ್ಟಿಗೆ ಬಾಯಿ ಹಾಕಿದ್ದರು. ಅಕ್ಕ ನಾಲ್ವರನ್ನೂ ಬಿಡಿಸಿ ಕೂರಿಸಿದಳು. ಒಂದು ‘ಇಲ್ಲ’ವೂ ಕಳೆಯಲಿಲ್ಲ, ಒಂದು ‘ಹೌದೂ’ ಹೆಚ್ಚಾಗಲಿಲ್ಲ. ಮೇಲ್ವಿಚಾರಕಿ ಓದಿ ಮುಗಿಸಿ, ನಾಳೆಯೇ ಆದೇಶ ಕಳಿಸುತ್ತೇನೆ, ನಿಮ್ಮ ಯಂತ್ರ ನಿಮಗಿರಲಿ ಎಂದಳು. ಎದ್ದವಳು ಅಲ್ಲೇ ನಿಂತಳು.

“ಮರೆತೆ. ಇದೇನಿದು ಕೆಂಪು ತಗಡು? ‘ಕೆಲಸ ನಡೆಯುತ್ತಿದೆ, ಮುಟ್ಟಬಾರದು’ ಅಂತ ಇದೆ. ನೀವು ಒಬ್ರೇ ಇರೋದಲ್ವಾ? ನಿಮಗೆ ಇದನ್ನ ಓದೋಕೆ...”

“ನನಗಲ್ಲ ಮೇಡಂ,” ಎಂದು ಅಕ್ಕ ಪೆಡಲಿನ ಮೇಲಿಂದ ಕಾಲು ತೆಗೆದಳು. “ಈ ಮನೆಗೆ ಬರೋರಲ್ಲಿ ಅದನ್ನ ಓದಬೇಕಾದವನು ಒಬ್ಬನೇ.”

ಸ್ಟೂಲು ಕಿರ್ರೆಂದಿತು.